ಎರವಿನ ಹೆಸರು

ಬ್ರ್ಯಾಂಡ್ ಲೈಸೆನ್ಸ್ ಎಂದರೆ ಒಬ್ಬರ ಹೆಸರನ್ನು ಇನ್ನೊಬ್ಬರು ಮಾಡಿದ ವಸ್ತುವಿನ ಮೇಲೆ ಹಾಕಿಕೊಳ್ಳಲು ಕೊಡುವ ಲಿಖಿತ ಒಪ್ಪಿಗೆ. ಹೆಸರಿನ ಒಡೆತನ ಕೊಟ್ಟವರಲ್ಲೇ ಉಳಿಯುತ್ತದೆ. ಬಳಸುವ ಹಕ್ಕು ಮಾತ್ರ ಕೆಲವು ವರ್ಷಗಳ ಮಟ್ಟಿಗೆ, ಕೆಲವು ಷರತ್ತುಗಳ ಮೇಲೆ ತಯಾರಕರ ಕೈಗೆ ಬರುತ್ತದೆ. ಮನೆಯನ್ನು ಬಾಡಿಗೆಗೆ ಕೊಟ್ಟ ಹಾಗೆ ಎಂದು ಇದನ್ನು ವಿವರಿಸುವುದುಂಟು. ಆದರೆ ಬಾಡಿಗೆದಾರನ ಅಡುಗೆ ಕೆಟ್ಟರೆ ಮನೆಯ ಯಜಮಾನನಿಗೆ ಕೆಟ್ಟ ಹೆಸರು ಬರುವುದಿಲ್ಲ, ಇಲ್ಲಿ ಬರುತ್ತದೆ. ವ್ಯಾಪಾರದ ಲೆಕ್ಕ ಧರ್ಮದ ಪ್ರಶ್ನೆಯಾಗುವುದು ಈ ಜಾಗದಲ್ಲಿ. ತಾನು ಮಾಡದ ವಸ್ತುವಿಗೆ ತನ್ನ ಹೆಸರು ಕೊಟ್ಟವನೂ, ತಾನು ಮಾಡಿದ ವಸ್ತುವಿಗೆ ತನ್ನದಲ್ಲದ ಹೆಸರು ಇಟ್ಟವನೂ ಸತ್ಯವನ್ನೇ ಹೇಳುತ್ತಿದ್ದಾರೆಯೇ?

ಈ ಪ್ರಶ್ನೆಯನ್ನು ಕೈಯಲ್ಲಿ ಹಿಡಿದು ನೋಡಲು ಥಾಣೆ ಜಿಲ್ಲೆಯಷ್ಟು ತಕ್ಕ ಜಾಗ ಕಡಿಮೆ. ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮ, ಜನರ ಬಾಯಲ್ಲಿ ಎಂಐಡಿಸಿ, 1962ರ ಆಗಸ್ಟ್ 1ರಂದು ಶುರುವಾದದ್ದು ಥಾಣೆಯ ವಾಗ್ಳೆ ಎಸ್ಟೇಟಿನಲ್ಲಿ. ಅದರ ಬೆನ್ನಿಗೆ ಡೊಂಬಿವಲಿಯ ಎರಡು ಫೇಸುಗಳು ಬಂದವು, ನವಿಮುಂಬಯಿಯಲ್ಲಿ ರಬಾಳೆ, ಮಹಾಪೆ, ಪಾವಣೆ, ತುರ್ಭೆಗಳುದ್ದಕ್ಕೂ ಟಿಟಿಸಿ ಎಂಬ ಕೈಗಾರಿಕಾ ವಲಯ ಬೆಳೆಯಿತು. ದೊಡ್ಡ ಕಂಪನಿಗಳ ಗೇಟುಗಳ ನಡುವೆ ಇಲ್ಲಿ ಸಾಲುಸಾಲು ಗಾಲಾಗಳಿವೆ. ಗಾಲಾ ಎಂದರೆ ಎರಡು ಮೂರು ಯಂತ್ರ ಹಿಡಿಸುವ, ಶಟರ್ ಎಳೆದರೆ ಮುಚ್ಚಿಹೋಗುವ ಕಾರ್ಖಾನೆ. ನೀರಿನ ಬಾಟಲಿ, ಟಿಫಿನ್ ಡಬ್ಬಿ, ಶಾಲಾ ಚೀಲ, ಸ್ವಿಚ್ಚು, ಬ್ರಷ್ಷು ಹುಟ್ಟುವುದು ಇಂಥ ಕಡೆ.

ಇಂಥ ಒಂದು ಗಾಲಾದ ಇಂಜೆಕ್ಷನ್ ಮೋಲ್ಡಿಂಗ್ ಯಂತ್ರವನ್ನು ಹತ್ತಿರದಿಂದ ನೋಡಿದರೆ ಇಡೀ ವಿಷಯ ಅಚ್ಚಿನೊಳಗೇ ಇರುತ್ತದೆ. ಪ್ಲಾಸ್ಟಿಕ್ ಹರಳು ಕರಗಿ ಉಕ್ಕಿನ ಅಚ್ಚಿಗೆ ನುಗ್ಗುತ್ತದೆ, ನೀರು ಹರಿದು ತಣಿಯುತ್ತದೆ, ಅಚ್ಚು ಬಾಯಿ ತೆರೆದಾಗ ಡಬ್ಬಿಯ ಮುಚ್ಚಳ ಕೆಳಗೆ ಬೀಳುತ್ತದೆ. ಮುಚ್ಚಳದ ನಡುವೆ ಉಬ್ಬಿದ ಹೆಸರು ಅಚ್ಚಿನದೇ ಭಾಗವಲ್ಲ. ಅದು ಎರಡು ಸ್ಕ್ರೂಗಳಿಂದ ಕೂರಿಸಿದ ಸಣ್ಣ ಉಕ್ಕಿನ ಬಿಲ್ಲೆ. ಅದರ ಮೇಲೆ ಅಕ್ಷರಗಳನ್ನು ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾಗಿ ಕೊರೆದಿರುತ್ತಾರೆ. ಆ ಬಿಲ್ಲೆ ಬಿಚ್ಚಿ ಇನ್ನೊಂದನ್ನು ಕೂರಿಸಿದರೆ ಅದೇ ಹರಳು, ಅದೇ ಯಂತ್ರ, ಅದೇ ಕೈ ಬೇರೊಂದು ಹೆಸರಿನ ಡಬ್ಬಿಯನ್ನು ಕೊಡುತ್ತವೆ. ಅಂಗಡಿಯಲ್ಲಿ ಎರಡರ ಬೆಲೆ ಒಂದೇ ಇರುವುದಿಲ್ಲ.

ಇಂಥ ಕೆಲಸ ಮೂರು ಬಗೆಯಲ್ಲಿ ನಡೆಯುತ್ತದೆ, ಹೊರಗಿನಿಂದ ಮೂರೂ ಒಂದೇ ಥರ ಕಾಣುತ್ತವೆ. ಜಾಬ್‌ವರ್ಕಿನಲ್ಲಿ ಕಚ್ಚಾಮಾಲು ಕಂಪನಿಯದು, ಗಾಲಾದವರಿಗೆ ಸಿಗುವುದು ಕೂಲಿ. ಪ್ರೈವೇಟ್ ಲೇಬಲ್‌ನಲ್ಲಿ ಮಾಲು ತಯಾರಕರದು, ಆದರೆ ಪೂರ್ತಿ ಸರಕನ್ನು ಹೆಸರಿನ ಒಡೆಯರೇ ಕೊಂಡು ಮಾರುತ್ತಾರೆ. ಲೈಸೆನ್ಸಿನಲ್ಲಿ ಬಂಡವಾಳ, ತಯಾರಿ, ಮಾರಾಟ, ನಷ್ಟ ಎಲ್ಲವೂ ತಯಾರಕರವು. ಹೆಸರು ಮಾತ್ರ ಎರವು. ಅದಕ್ಕೆ ಪ್ರತಿಯಾಗಿ ರಾಯಲ್ಟಿ ಕೊಡಬೇಕು. ಮಾರಾಟವಾಗಲಿ ಬಿಡಲಿ ವರ್ಷಕ್ಕೆ ಇಷ್ಟು ಎಂದು ಕನಿಷ್ಠ ಖಾತರಿ ಮೊತ್ತವೂ ಸಾಮಾನ್ಯವಾಗಿ ಇರುತ್ತದೆ. ಉದಾಹರಣೆಗೆ ಕಾರ್ಖಾನೆ ಬೆಲೆಯ ನೂರಕ್ಕೆ 8ರಂತೆ ರಾಯಲ್ಟಿ, ವರ್ಷಕ್ಕೆ 4 ಲಕ್ಷ ಖಾತರಿ ಎಂದು ಹಿಡಿದರೆ 50 ಲಕ್ಷದ ಮಾರಾಟ ಮುಟ್ಟುವ ತನಕ ತಯಾರಕರು ಮಾರದ ಡಬ್ಬಿಗೂ ಹೆಸರಿನ ಬಾಡಿಗೆ ಕಟ್ಟುತ್ತಿರುತ್ತಾರೆ. ರಾಯಲ್ಟಿಯ ಮೇಲೆ ಜಿಎಸ್‌ಟಿ ಬೇರೆ. 2021ರ ಅಕ್ಟೋಬರ್ 1ರಿಂದ ಅದು ನೂರಕ್ಕೆ 18. ಮಾದರಿಗೆ ಮುಂಚಿತ ಒಪ್ಪಿಗೆ, ಎಣಿಸಿ ಕೊಡುವ ಹೊಲೋಗ್ರಾಂ ಚೀಟಿ, ಲೆಕ್ಕಪತ್ರದ ತಪಾಸಣೆ, ಮಾರಬಹುದಾದ ಪ್ರದೇಶ, ಅವಧಿ ಮುಗಿದ ಮೇಲೆ ಉಳಿದ ಸರಕು ಮಾರಲು ಕೆಲವು ತಿಂಗಳು: ಕರಾರಿನ ಉಳಿದ ಪುಟಗಳು ಇವೇ.

ಕಾನೂನು ಈ ಎರವನ್ನು ಒಪ್ಪಿಕೊಂಡಿರುವ ರೀತಿಯೇ ವಿಚಾರ ಮಾಡತಕ್ಕದ್ದು. 2003ರ ಸೆಪ್ಟೆಂಬರ್ 15ರಿಂದ ಜಾರಿಯಲ್ಲಿರುವ 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯ 48ನೆಯ ಕಲಮಿನ ಪ್ರಕಾರ, ಅನುಮತಿ ಪಡೆದವರು ಮಾಡಿದ ಬಳಕೆಯನ್ನು ಒಡೆಯರೇ ಮಾಡಿದ ಬಳಕೆ ಎಂದು ಭಾವಿಸಬೇಕು. ಇದು ಕಣ್ಣಿಗೆ ಕಂಡ ಸಂಗತಿಯಲ್ಲ, ಭಾವಿಸಿಕೊಳ್ಳಬೇಕಾದದ್ದು. ಆದರೆ ಬರಿಗೈಯಲ್ಲಿ ಭಾವಿಸಲು ಬರುವುದಿಲ್ಲ. ಲೈಸೆನ್ಸನ್ನು ನೋಂದಾಯಿಸುವಾಗ ಒಡೆಯರಿಗೆ ಬಳಕೆದಾರರ ಮೇಲೆ ಎಷ್ಟು ಹಿಡಿತ ಇದೆ ಎಂಬುದನ್ನು 49ನೆಯ ಕಲಮಿನಂತೆ ಬರೆದು ಕೊಡಬೇಕು. ಗುಣಮಟ್ಟದ ಷರತ್ತನ್ನು ಪಾಲಿಸದೆ ಬಿಟ್ಟರೆ 50ನೆಯ ಕಲಮು ಆ ನೋಂದಣಿಯನ್ನೇ ರದ್ದು ಮಾಡಲು ಅವಕಾಶ ಕೊಡುತ್ತದೆ. ಗುಜರಾತ್ ಬಾಟ್ಲಿಂಗ್ ಮತ್ತು ಕೋಕಾಕೋಲಾ ನಡುವಿನ ಮೊಕದ್ದಮೆಯಲ್ಲಿ 1995ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದರ ತಿರುಳೂ ಇದೇ: ಹೆಸರನ್ನು ಬಳಸಲು ಕೊಡಬಹುದು, ಆದರೆ ಜನ ಮೋಸಹೋಗಬಾರದು, ಹೆಸರಿನ ಒಡೆಯರಿಗೂ ಆ ಸರಕಿಗೂ ವ್ಯವಹಾರದಲ್ಲಿ ನಂಟು ಉಳಿದಿರಬೇಕು.

ಗ್ರಾಹಕರ ಕಡೆಯಿಂದ ನೋಡಿದರೆ ಮಾತು ಇನ್ನೂ ನೇರ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 'ತಯಾರಕ' ಪದವನ್ನು ವಿವರಿಸುವಾಗ, ಬೇರೆಯವರು ಮಾಡಿದ ಸರಕಿನ ಮೇಲೆ ತನ್ನ ಗುರುತು ಹಾಕಿದವರನ್ನೂ ಹಾಕಿಸಿದವರನ್ನೂ ಅದರೊಳಗೇ ಸೇರಿಸಿದೆ. ಮಾಡಿದ್ದು ನಾನಲ್ಲ, ಹೆಸರಷ್ಟೇ ನನ್ನದು ಎಂಬ ಮಾತು ಅಲ್ಲಿ ನಡೆಯುವುದಿಲ್ಲ. ಹೆಸರು ಹೋದ ಕಡೆಗೆ ಹೊಣೆಯೂ ಹೋಗುತ್ತದೆ. ಲೈಸೆನ್ಸನ್ನು ಧರ್ಮದ ಕಣ್ಣಿನಿಂದ ತೂಗುವವರಿಗೆ ಇದಕ್ಕಿಂತ ಒಳ್ಳೆಯ ತಕ್ಕಡಿ ಸಿಗಲಾರದು.

ತಯಾರಕರ ಕಡೆಯಿಂದ ನೋಡಿದರೆ ಎರವಿನ ಹೆಸರು ಇನ್ನೊಂದು ಬೆಲೆಯನ್ನೂ ತೆರಿಸಿದೆ. ಜಿಎಸ್‌ಟಿ ಬರುವ ಮೊದಲು ಸಣ್ಣ ಕೈಗಾರಿಕೆಗಳಿಗೆ ಕೇಂದ್ರ ಅಬಕಾರಿ ಸುಂಕದಲ್ಲಿ ವಿನಾಯಿತಿ ಇತ್ತು, 2007ರಿಂದ 1.5 ಕೋಟಿ ರೂಪಾಯಿ ವಹಿವಾಟಿನ ತನಕ. ಆದರೆ ಸರಕಿನ ಮೇಲೆ ಬೇರೆಯವರ ಬ್ರ್ಯಾಂಡ್ ಹೆಸರಿದ್ದರೆ, ಹಳ್ಳಿಗಾಡಿನ ಘಟಕಗಳಂಥ ಕೆಲವು ಅಪವಾದಗಳನ್ನು ಬಿಟ್ಟು, ಆ ವಿನಾಯಿತಿ ಸಿಗುತ್ತಿರಲಿಲ್ಲ. ಯಂತ್ರ ಎರಡೇ, ಕೆಲಸಗಾರರು ಆರೇ ಮಂದಿ ಇದ್ದರೂ ದೊಡ್ಡ ಹೆಸರು ಹೊತ್ತ ಮೇಲೆ ಆ ಸರಕಿನ ಮಟ್ಟಿಗೆ ಸಣ್ಣವರೆಂದು ಹೇಳಿಕೊಳ್ಳುವಂತಿರಲಿಲ್ಲ. ಹೆಸರು ಬರಿಯ ಚೀಟಿಯಲ್ಲ, ಹೊತ್ತವರ ಸ್ವರೂಪವನ್ನೇ ಅದು ಬದಲಿಸುತ್ತದೆ ಎಂದು ಸರ್ಕಾರ ತಿಳಿದಿತ್ತು ಎಂದಾಯಿತು.

ಹೆಸರಿಗೂ ವಸ್ತುವಿಗೂ ಇರುವ ನಂಟು ಎಂಥದು ಎಂಬುದು ಭಾರತೀಯ ದರ್ಶನಗಳ ಹಳೆಯ ಜಗಳ. ಛಾಂದೋಗ್ಯ ಉಪನಿಷತ್ತಿನಲ್ಲಿ ಉದ್ದಾಲಕ ತನ್ನ ಮಗ ಶ್ವೇತಕೇತುವಿಗೆ ಮಣ್ಣಿನ ಮುದ್ದೆಯ ದೃಷ್ಟಾಂತ ಕೊಡುತ್ತಾನೆ: ಮಣ್ಣನ್ನು ತಿಳಿದರೆ ಮಣ್ಣಿನದೆಲ್ಲ ತಿಳಿದಂತೆ, ಮಡಕೆ ಕುಡಿಕೆಗಳೆಂಬ ಭೇದ ಮಾತಿನಿಂದ ಬಂದದ್ದು. ಶಂಕರರು ಇದರಿಂದ ನಾಮರೂಪಗಳು ಆರೋಪಿತವೆಂಬ ತೀರ್ಮಾನಕ್ಕೆ ಬಂದರು. ಅಚ್ಚಿನ ಬಿಲ್ಲೆ ಬದಲಿಸುವುದನ್ನು ನೋಡಿದವರಿಗೆ ಈ ಮಾತು ಥಟ್ಟನೆ ಒಪ್ಪಿಗೆಯಾಗುತ್ತದೆ. ಹರಳು ಒಂದೇ, ಹೆಸರು ಮೇಲಿಂದ ಹಚ್ಚಿದ್ದು.

ಆದರೆ ಉಡುಪಿಯ ಮಧ್ವರು ಅದೇ ದೃಷ್ಟಾಂತವನ್ನು ಹಾಗೆ ಓದಲು ಒಪ್ಪಲಿಲ್ಲ. ಅವರ ಮತದಲ್ಲಿ ಭೇದ ಸತ್ಯ. ಪಂಚಭೇದಗಳಲ್ಲಿ ಕೊನೆಯದಾಗಿ ಎಣಿಸುವ ಜಡ ಜಡಗಳ ಭೇದವೂ ಸತ್ಯ. ಒಂದೇ ಅಚ್ಚಿನಿಂದ ಬಿದ್ದ ಎರಡು ಮುಚ್ಚಳಗಳು ಕೂಡ ನಿಜಕ್ಕೂ ಬೇರೆ ಬೇರೆ. ಕಾರ್ಖಾನೆಯ ಅನುಭವ ಮಧ್ವರ ಕಡೆಗೇ ವಾಲುತ್ತದೆ. ಬೆಳಗಿನ ಮೊದಲ ಹತ್ತು ಮುಚ್ಚಳಗಳಲ್ಲಿ ಅಂಚು ತುಂಬಿರುವುದಿಲ್ಲ, ಹರಳಿನಲ್ಲಿ ತೇವವಿದ್ದರೆ ಬೆಳ್ಳಿಗೆರೆ ಮೂಡುತ್ತದೆ, ಹಳೆಯ ಪ್ಲಾಸ್ಟಿಕ್ಕಿನ ಪುಡಿಯನ್ನು ಸ್ವಲ್ಪ ಹೆಚ್ಚು ಬೆರೆಸಿದರೆ ಕೆಲವು ತಿಂಗಳಲ್ಲಿ ಬಿರುಕು ಬಿಡುತ್ತದೆ. ಹೆಸರು ಒಂದೇ ಎಂದು ವಸ್ತು ಒಂದೇ ಆಗುವುದಿಲ್ಲ. ಮಾದರಿಯನ್ನು ಮಾತ್ರ ನೋಡಿ ಒಪ್ಪಿ, ಆಮೇಲೆ ಕಾರ್ಖಾನೆಯ ಕಡೆ ತಲೆಹಾಕದ ಒಡೆಯರು ಮಾಡುವ ತಪ್ಪು ಇದೇ; ಒಂದನ್ನು ತಿಳಿದರೆ ಎಲ್ಲವೂ ತಿಳಿಯಿತು ಎಂದು ಅವರು ನಂಬಿರುತ್ತಾರೆ.

ಶಬ್ದಕ್ಕೂ ಅರ್ಥಕ್ಕೂ ಇರುವ ನಂಟು ನಿತ್ಯ ಎಂದು ಮೀಮಾಂಸಕರು, ಸಂಕೇತದಿಂದ ಬಂದದ್ದು ಎಂದು ನೈಯಾಯಿಕರು ವಾದಿಸಿದರು. ಬೌದ್ಧ ತಾರ್ಕಿಕ ದಿಙ್ನಾಗನ ಅಪೋಹವಾದ ಇಲ್ಲಿ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಹಸು ಎಂಬ ಪದ ಹಸುವಲ್ಲದ್ದನ್ನೆಲ್ಲ ದೂರ ಮಾಡಿ ತನ್ನ ಅರ್ಥವನ್ನು ಮುಟ್ಟುತ್ತದೆ ಎಂಬುದು ಅವನ ಮತ. ಟ್ರೇಡ್ ಮಾರ್ಕಿಗೆ ಕಾಯ್ದೆ ಕೊಡುವ ಲಕ್ಷಣವೂ ಹೆಚ್ಚು ಕಡಿಮೆ ಹೀಗೇ ಇದೆ: ಒಬ್ಬರ ಸರಕನ್ನು ಉಳಿದವರ ಸರಕಿನಿಂದ ಬೇರ್ಪಡಿಸಿ ತೋರಿಸಬಲ್ಲದ್ದು. ಸರಕಿನೊಳಗೆ ಏನಿದೆ ಎಂದು ಗುರುತು ಹೇಳುವುದಿಲ್ಲ. ಇದು ಬೇರೆಯವರದಲ್ಲ ಎಂದಷ್ಟೇ ಹೇಳುತ್ತದೆ. ಲೈಸೆನ್ಸ್ ಕೊಟ್ಟ ದಿನ ಆ ಮಾತಿಗೂ ಅಲುಗಾಟ ಬರುತ್ತದೆ, ಏಕೆಂದರೆ ವಸ್ತು ಬೇರೆಯವರದೇ.

ಈ ಅಲುಗಾಟಕ್ಕೆ ಕನ್ನಡದಲ್ಲಿ ಒಂದು ಹಳೆಯ ಉತ್ತರವಿದೆ. ಅದು ವ್ಯಾಪಾರದಿಂದ ಬಂದದ್ದಲ್ಲ, ಭಕ್ತಿಯಿಂದ ಬಂದದ್ದು: ಅಂಕಿತ. ಹಾಡು ಹರಿದಾಸರದು, ಕೊನೆಯಲ್ಲಿ ಬರುವ ಹೆಸರು ಹೆಚ್ಚಾಗಿ ವಿಠಲನದು. ಅಂಕಿತವನ್ನು ತಾನಾಗಿ ಇಟ್ಟುಕೊಳ್ಳುವ ವಾಡಿಕೆಯಿಲ್ಲ, ಗುರುವಿನಿಂದ ಪಡೆಯಬೇಕು. ಪುರಂದರದಾಸರಿಗೆ ವ್ಯಾಸರಾಯರು ದಾಸದೀಕ್ಷೆಯನ್ನೂ ಅಂಕಿತವನ್ನೂ ಕೊಟ್ಟರೆಂಬುದು ಸಂಪ್ರದಾಯ. ಅದಕ್ಕೂ ಮೊದಲು ಪುರಂದರರು ಲೇವಾದೇವಿ, ರತ್ನವ್ಯಾಪಾರ ನಡೆಸಿದವರು. ಹೆಸರಿನ ಬೆಲೆ ಏನೆಂದು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ವಿಜಯದಾಸರಿಗೆ (1682–1755) ಪುರಂದರದಾಸರೇ ಕನಸಿನಲ್ಲಿ ಬಂದು ವಿಜಯವಿಠಲ ಎಂಬ ಅಂಕಿತ ಕೊಟ್ಟರಂತೆ. ವಿಜಯದಾಸರಿಂದ ಗೋಪಾಲದಾಸರಿಗೆ ಗೋಪಾಲವಿಠಲ, ಗೋಪಾಲದಾಸರ ಅನುಗ್ರಹದಿಂದ ಜಗನ್ನಾಥದಾಸರಿಗೆ (1728–1809) ಜಗನ್ನಾಥವಿಠಲ. ಆ ವಿಠಲ ನಿಂತಿರುವುದು ಮಹಾರಾಷ್ಟ್ರದ ಪಂಢರಪುರದಲ್ಲಿ. ಡೊಂಬಿವಲಿಯಲ್ಲಿ, ಥಾಣೆಯಲ್ಲಿ ಕನ್ನಡಿಗರ ಭಜನೆಗೆ ಕುಳಿತವರು ದಾಸರ ಪದವನ್ನೂ ವಾರಕರಿಗಳ ಅಭಂಗವನ್ನೂ ಒಂದೇ ಹೆಸರಿನ ಕೆಳಗೆ ಹಾಡುತ್ತಾರೆ.

ಅಂಕಿತದ ರಚನೆಯನ್ನು ಗಮನಿಸಬೇಕು. ವಿಠಲ ಎಂಬ ಭಾಗ ಈ ದಾಸರೆಲ್ಲರಿಗೂ ಸಮಾನ, ಅದರ ಮೊದಲಿನ ಭಾಗ ಒಬ್ಬೊಬ್ಬರದು. ಮೂಲ ಹೆಸರಿನ ಗೌರವ ಪೂರ್ತಿ ಸಿಗುತ್ತದೆ, ಹಾಡಿದವರು ಯಾರೆಂಬುದೂ ಮರೆಯಾಗುವುದಿಲ್ಲ. ಪಡೆದವರು ಅಂಕಿತವನ್ನು ಮಾರುವಂತಿಲ್ಲ, ಇದ್ದ ಹಾಗೆ ಇನ್ನೊಬ್ಬರಿಗೆ ದಾಟಿಸುವಂತೆಯೂ ಇಲ್ಲ. ಶಿಷ್ಯನಿಗೆ ಕೊಡುವುದು ಹೊಸ ಅಂಕಿತ. ಟ್ರೇಡ್ ಮಾರ್ಕ್ಸ್ ಕಾಯ್ದೆಯ 54ನೆಯ ಕಲಮು ಕೂಡ ನೋಂದಾಯಿತ ಬಳಕೆದಾರರಿಗೆ ಆ ಹಕ್ಕನ್ನು ಬೇರೆಯವರಿಗೆ ವರ್ಗಾಯಿಸುವ ಅಧಿಕಾರ ಕೊಡುವುದಿಲ್ಲ. ಎರಡು ಕಡೆಯೂ ಹೆಸರು ಕೊಡುವುದು ವಸ್ತುವನ್ನು ನೋಡಿ ಅಲ್ಲ, ಮನುಷ್ಯನನ್ನು ನೋಡಿ.

ಇಷ್ಟರ ಮೇಲೆ ಇವೆರಡೂ ಒಂದೇ ಎನ್ನುವುದು ಅನ್ಯಾಯವಾಗುತ್ತದೆ. ದಾಸರು ತಮ್ಮ ಹೆಸರನ್ನು ಹಿಂದಕ್ಕೆ ಸರಿಸಿದ್ದು ಹಾಡು ತಮ್ಮದಲ್ಲ, ಹಾಡಿಸಿದವನದು ಎಂಬ ನಂಬಿಕೆಯಿಂದ. ಗಾಲಾದ ತಯಾರಕರು ಹಿಂದಕ್ಕೆ ಸರಿಯುವುದು ಅವರ ಹೆಸರನ್ನು ಪೇಟೆ ಕೊಳ್ಳುವುದಿಲ್ಲ ಎಂಬ ಕಾರಣಕ್ಕೆ. ಒಂದು ಶರಣಾಗತಿ, ಇನ್ನೊಂದು ಅನಿವಾರ್ಯ. ಹತ್ತು ವರ್ಷ ಎರವಿನ ಹೆಸರಿನಲ್ಲಿ ಒಳ್ಳೆಯ ಡಬ್ಬಿ ಮಾಡಿದವರ ಪಾಲಿಗೆ ಆ ಹತ್ತು ವರ್ಷದ ಒಳ್ಳೆಯತನ ಜಮೆಯಾಗುವುದಿಲ್ಲ. ಅದು 48ನೆಯ ಕಲಮಿನಂತೆ ಒಡೆಯರ ಖಾತೆಗೆ ಹೋಗುತ್ತದೆ. ಲೈಸೆನ್ಸಿನ ನಿಜವಾದ ಬೆಲೆ ರಾಯಲ್ಟಿಯಲ್ಲ, ಇದು. ಕರಾರಿಗೆ ಸಹಿ ಮಾಡುವ ಮುನ್ನ ಎಷ್ಟೋ ಮಂದಿ ಈ ಲೆಕ್ಕ ಹಾಕುವುದಿಲ್ಲ.

ಶರಣರ ಅಂಕಿತಗಳಲ್ಲಿ ಇನ್ನೊಂದು ದಾರಿಯೂ ಕಾಣುತ್ತದೆ. ಬಸವಣ್ಣನವರದು ಕೂಡಲಸಂಗಮದೇವ, ಅಲ್ಲಮರದು ಗುಹೇಶ್ವರ. ಆದರೆ ಅಂಬಿಗರ ಚೌಡಯ್ಯನ ಅಂಕಿತ ಅಂಬಿಗರ ಚೌಡಯ್ಯ ಎಂದೇ ಇದೆ. ದೋಣಿ ನಡೆಸುವವನು ತನ್ನ ಕಸುಬನ್ನೂ ಹೆಸರನ್ನೂ ಮಾತಿನ ಕೆಳಗೆ ಇಟ್ಟ. ಕಾಯಕವೇ ಕೈಲಾಸ ಎಂದ ಚಳವಳಿಯಲ್ಲಿ ಮಾಡಿದ ಕೈಗೆ ಹೆಸರಿನ ಹಕ್ಕೂ ಇತ್ತು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಅಂಕಿತಕ್ಕೆ ಕಾವಲು ತಪ್ಪಿದರೆ ಏನಾಗುತ್ತದೆ ಎಂಬುದನ್ನೂ ವಚನಗಳ ಇತಿಹಾಸವೇ ಹೇಳುತ್ತದೆ. ಫ. ಗು. ಹಳಕಟ್ಟಿಯವರು ಓಲೆಗರಿಗಳನ್ನು ಹುಡುಕಿ 1923ರಲ್ಲಿ 'ವಚನಶಾಸ್ತ್ರಸಾರ' ಹೊರತಂದ ಮೇಲೆ ಬಂದ ಸಂಪಾದಕರೆಲ್ಲ, ದೊಡ್ಡವರ ಅಂಕಿತದ ಕೆಳಗೆ ನುಸುಳಿದ ಬೇರೆಯವರ ಮಾತುಗಳನ್ನು ಬೇರ್ಪಡಿಸಲು ಬೆವರು ಹರಿಸಬೇಕಾಯಿತು.

ಶರಣರ ಕಲ್ಯಾಣ ಬೀದರ್ ಜಿಲ್ಲೆಯದು, ಈಗಿನ ಬಸವಕಲ್ಯಾಣ. ಥಾಣೆ ಜಿಲ್ಲೆಯ ಕಲ್ಯಾಣ ಬೇರೆ. ಹೆಸರೊಂದೇ, ಊರು ಎರಡು. ಥಾಣೆಯ ಕಲ್ಯಾಣವೂ ಹಳೆಯದು, ಅದೊಂದು ಬಂದರು. ಬೊರಿವಲಿ ಥಾಣೆಗಳ ನಡುವಿನ ಗುಡ್ಡದ ಕನ್ಹೇರಿ ಗುಹೆಗಳಲ್ಲಿ ಕಲ್ಯಾಣದ ವರ್ತಕರು, ಕುಶಲಕರ್ಮಿಗಳು ಬೌದ್ಧ ಸಂಘಕ್ಕೆ ಕೊಟ್ಟ ದಾನಗಳ ಶಾಸನಗಳಿವೆ. ಕೊಟ್ಟವರ ಹೆಸರು, ಊರು, ಕಸುಬು ಕಲ್ಲಿನಲ್ಲಿ ಉಳಿದಿವೆ. ಸುಮಾರು 1,800 ವರ್ಷಗಳ ಹಿಂದೆ ಈ ಸೀಮೆಯ ಕೈಗಳು ತಮ್ಮ ಹೆಸರನ್ನು ಬಚ್ಚಿಟ್ಟುಕೊಳ್ಳಲಿಲ್ಲ.

ಎರವು ಪಡೆಯದೆ ಹೆಸರು ಹಾಕುವುದು ಬೇರೆಯೇ ಪ್ರಶ್ನೆ. ಕಲ್ಯಾಣದ ಪಕ್ಕದ ಉಲ್ಹಾಸನಗರ, ದೇಶವಿಭಜನೆಯಲ್ಲಿ ಮನೆಮಠ ಕಳೆದುಕೊಂಡು ಬಂದ ಸಿಂಧಿಗಳು ಹಳೆಯ ಸೇನಾ ಶಿಬಿರದಲ್ಲಿ ಕಟ್ಟಿಕೊಂಡ ಊರು. 1949ರ ಆಗಸ್ಟ್ 8ರಂದು ಅದಕ್ಕೆ ಆ ಹೆಸರು ಬಂತು. ಅಲ್ಲಿನ ಸರಕಿನ ಮೇಲೆ 'ಮೇಡ್ ಇನ್ ಯುಎಸ್ಎ' ಎಂದಿರುತ್ತಿತ್ತು, ಯುಎಸ್ಎ ಎಂದರೆ ಉಲ್ಹಾಸನಗರ್ ಸಿಂಧಿ ಅಸೋಸಿಯೇಷನ್ ಎಂಬ ಕಥೆ ಮುಂಬಯಿ ಲೋಕಲ್ ರೈಲಿನಲ್ಲಿ ದಶಕಗಳಿಂದ ಓಡಾಡುತ್ತಿದೆ. ಕಥೆಯನ್ನು ನಗೆಯಾಗಿ ಹೇಳುತ್ತಾರೆ. ಆದರೆ ಅದರೊಳಗಿನ ಪ್ರಶ್ನೆ ಮಹಾಭಾರತದಷ್ಟು ಹಳೆಯದು. ಅಶ್ವತ್ಥಾಮನೆಂಬ ಆನೆ ಸತ್ತದ್ದು ನಿಜ. ಅಶ್ವತ್ಥಾಮ ಸತ್ತ ಎಂದು ಧರ್ಮರಾಯ ಆಡಿದ ಪದಗಳೂ ಸುಳ್ಳಲ್ಲ. ಆದರೂ ನೆಲದಿಂದ ನಾಲ್ಕು ಬೆರಳು ಮೇಲೆ ಓಡುತ್ತಿದ್ದ ಅವನ ರಥ ಕೆಳಗಿಳಿಯಿತು. ಕೇಳಿದವರ ಮನಸ್ಸಿನಲ್ಲಿ ಹುಟ್ಟಿದ ಅರ್ಥಕ್ಕೆ ಹೇಳಿದವರೇ ಹೊಣೆ.

ಜೈನರು ಇಂಥ ವ್ಯವಹಾರವನ್ನು ಇಟ್ಟಿರುವ ಜಾಗ ಇನ್ನೂ ಕುತೂಹಲದ್ದು. ಉಮಾಸ್ವಾತಿಯ 'ತತ್ತ್ವಾರ್ಥಸೂತ್ರ' ಶ್ರಾವಕರ ವ್ರತಗಳಿಗೆ ತಗಲುವ ದೋಷಗಳನ್ನು ಪಟ್ಟಿಮಾಡುವಾಗ ಪ್ರತಿರೂಪಕ ವ್ಯವಹಾರವನ್ನು, ಅಂದರೆ ಅಸಲಿನಂತೆ ತೋರುವ ಸರಕನ್ನು ಮಾರುವುದನ್ನು, ತೂಕ ಅಳತೆಯ ಮೋಸದ ಜೊತೆಗೆ ಅಸ್ತೇಯವ್ರತದ ಕೆಳಗೆ ಇಟ್ಟಿದೆ. ನಕಲಿ ಹೆಸರು ಅವರ ಪ್ರಕಾರ ಸುಳ್ಳಿಗಿಂತ ಮೊದಲು ಕಳ್ಳತನ. ಇಂದಿನ ಕಾನೂನೂ ಅದೇ ದಾರಿಯಲ್ಲಿದೆ: ಬೇರೆಯವರ ಗುರುತನ್ನು ಸುಳ್ಳಾಗಿ ಹಚ್ಚಿದವರಿಗೆ ಟ್ರೇಡ್ ಮಾರ್ಕ್ಸ್ ಕಾಯ್ದೆಯ 103ನೆಯ ಕಲಮಿನಡಿ 6 ತಿಂಗಳಿಂದ 3 ವರ್ಷದ ತನಕ ಸೆರೆ, 50 ಸಾವಿರದಿಂದ 2 ಲಕ್ಷ ರೂಪಾಯಿ ದಂಡ.

ಕೆಲವು ಹೆಸರುಗಳನ್ನು ಎರವು ಕೊಡುವ ಅಧಿಕಾರ ಯಾರಿಗೂ ಇಲ್ಲ. ಊದುಬತ್ತಿಗೆ 'ರಾಮಾಯಣ' ಎಂಬ ಹೆಸರನ್ನು ತನ್ನದೊಬ್ಬನದೆಂದು ನೋಂದಾಯಿಸಿಕೊಳ್ಳಲು ಹೊರಟ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2015ರಲ್ಲಿ ಅದಕ್ಕೆ ಒಪ್ಪಲಿಲ್ಲ. ಪವಿತ್ರ ಗ್ರಂಥದ ಹೆಸರಿನ ಮೇಲೆ ಒಬ್ಬ ವ್ಯಾಪಾರಿಗೆ ಏಕಸ್ವಾಮ್ಯ ಸಲ್ಲದು ಎಂದಿತು. ಮಣ್ಣಿಗೆ ಅಂಟಿದ ಹೆಸರುಗಳದು ಇನ್ನೊಂದು ಬಗೆ. ಉಡುಪಿ ಬಳಿಯ ಮಟ್ಟು ಊರಿನ ಗುಳ್ಳ, ವಾದಿರಾಜರು ಬೀಜ ಕೊಟ್ಟು ಬೆಳೆಸಿದರೆಂದು ಜನ ನಂಬುವ ಬದನೆ, ಭೌಗೋಳಿಕ ಗುರುತು ಪಡೆದಿದೆ. ಭೌಗೋಳಿಕ ಗುರುತುಗಳ ಕಾಯ್ದೆಯ 24ನೆಯ ಕಲಮು ಇಂಥ ಹೆಸರನ್ನು ಮಾರುವುದನ್ನೂ ಅಡವಿಡುವುದನ್ನೂ ಲೈಸೆನ್ಸ್ ಕೊಡುವುದನ್ನೂ ನಿಷೇಧಿಸುತ್ತದೆ. ಆ ಮಣ್ಣಿನಲ್ಲಿ ಬೆಳೆದವರಿಗೆ ಮಾತ್ರ ಅದು ಸಲ್ಲುತ್ತದೆ. ಇವೆರಡರ ನಡುವೆ ಥಾಣೆ, ಡೊಂಬಿವಲಿ, ವಾಶಿಯ ಬೀದಿಗಳಲ್ಲಿ ಕಾಣುವ 'ಉಡುಪಿ' ಹೋಟೆಲಿನ ಫಲಕವಿದೆ. ಯಾರೂ ಕೊಟ್ಟದ್ದಲ್ಲ, ರಾಯಲ್ಟಿಯಿಲ್ಲ, ತಪಾಸಣೆಯಿಲ್ಲ. ಕೃಷ್ಣಮಠದ ಅಡುಗೆಯ ಶುಚಿಯನ್ನು ನೆನಪಿಸುವ ಆ ಹೆಸರು ಊರ ಕೆರೆಯಂತೆ ಎಲ್ಲರದೂ ಆಗಿದೆ. ಇಷ್ಟು ವರ್ಷ ಅದು ಕೆಡದೆ ಉಳಿದದ್ದಕ್ಕೆ ಕಾಯ್ದೆ ಕಾರಣವಲ್ಲ, ನಸುಕಿನಲ್ಲಿ ಎದ್ದು ಹಿಟ್ಟು ರುಬ್ಬಿದವರು ಕಾರಣ.

ಕೈ ಮರೆಯಾಗದಂತೆ ಹೆಸರು ಎರವು ಕೊಡುವ ಏರ್ಪಾಡು ಇಲ್ಲದಿಲ್ಲ. ಐಎಸ್‌ಐ ಗುರುತು ಕೂಡ ಒಂದು ಲೈಸೆನ್ಸೇ. ಭಾರತೀಯ ಮಾನಕ ಬ್ಯೂರೋ ಅದನ್ನು ಒಂದು ನಿರ್ದಿಷ್ಟ ಕಾರ್ಖಾನೆಗೆ ಕೊಡುತ್ತದೆ, ಗುರುತಿನ ಜೊತೆಗೆ 'ಸಿಎಂ/ಎಲ್' ಎಂದು ಆರಂಭವಾಗುವ ಸಂಖ್ಯೆ ಇರಲೇಬೇಕು. 2021ರ ಜನವರಿ 1ರಿಂದ ಈ ಗುರುತು ಕಡ್ಡಾಯವಾದ ಆಟಿಕೆಗಳ ಮೇಲೆ ಯಾವ ಕಾರ್ಟೂನಿನ ಹೆಸರಿದ್ದರೂ ಆ ಸಂಖ್ಯೆ ಹಿಡಿದು ಹೋದರೆ ಮಾಡಿದ ಕಾರ್ಖಾನೆ ಸಿಗುತ್ತದೆ. ಪೊಟ್ಟಣದ ಸರಕುಗಳ 2011ರ ನಿಯಮಗಳೂ ತಯಾರಕರ ಹೆಸರು ವಿಳಾಸ ಕೇಳುತ್ತವೆ. ಸಣ್ಣ ಅಕ್ಷರದಲ್ಲಿ, ತಳದಲ್ಲಿ, ಆದರೂ ಇರುತ್ತದೆ. ವಿಠಲ ಎಂಬುದರ ಮೊದಲು ವಿಜಯ ಎಂದಿರುವ ಹಾಗೆ.

ಲೈಸೆನ್ಸ್ ಮುಗಿದ ದಿನ ಬಿಲ್ಲೆಯನ್ನು ಬಿಚ್ಚಬೇಕು. ಕರಾರಿನಂತೆ ಅದನ್ನು ಒಡೆಯರಿಗೆ ಹಿಂತಿರುಗಿಸುತ್ತಾರೆ, ಇಲ್ಲವೇ ಅವರ ಪ್ರತಿನಿಧಿಯ ಎದುರಿನಲ್ಲಿ ಅಕ್ಷರಗಳನ್ನು ಉಜ್ಜಿ ಅಳಿಸುತ್ತಾರೆ. ಉಳಿದ ಚೀಟಿಗಳನ್ನು ಎಣಿಸಿ ಒಪ್ಪಿಸುತ್ತಾರೆ. ಅಚ್ಚು, ಯಂತ್ರ, ಕೆಲಸ ಕಲಿತ ಕೈ ಗಾಲಾದಲ್ಲೇ ಇರುತ್ತವೆ. ಮುಂದೆ ಇನ್ನೊಂದು ಎರವಿನ ಹೆಸರನ್ನು ಹುಡುಕಬಹುದು. ಸ್ವಂತ ಹೆಸರಿಗೆ ಮನಸ್ಸು ಮಾಡಿದರೆ ದಾರಿ ದೂರವಿಲ್ಲ. ಟ್ರೇಡ್ ಮಾರ್ಕ್ಸ್ ರಿಜಿಸ್ಟ್ರಿಯ ಮುಖ್ಯ ಕಚೇರಿ ಮುಂಬಯಿಯ ಆಂಟೋಪ್ ಹಿಲ್‌ನಲ್ಲೇ ಇದೆ. 2017ರ ನಿಯಮಗಳಂತೆ ಸಣ್ಣ ಉದ್ದಿಮೆಗೆ ಆನ್‌ಲೈನ್ ಅರ್ಜಿಯ ಶುಲ್ಕ ಒಂದು ವರ್ಗಕ್ಕೆ 4,500 ರೂಪಾಯಿ, ನೋಂದಣಿಯ ಅವಧಿ 10 ವರ್ಷ. ಬಿಲ್ಲೆ ಬಿಚ್ಚಿದ ಜಾಗದಲ್ಲಿ ಅಕ್ಷರವಿಲ್ಲದ ಬಿಲ್ಲೆ ಕೂರಿಸಿ ಮುಚ್ಚಳ ತೆಗೆದರೆ ನಡುವೆ ನುಣುಪಾದ ಒಂದು ಚೌಕ ಉಳಿದಿರುತ್ತದೆ, ಹೆಸರು ಬರೆಯಲು ಬಿಟ್ಟ ಜಾಗದಂತೆ.